ಕಿವಿಮಾತು: ‘ಸಾಕು’ ಎಂದರೆ ‘ಹಾಕು’

ಎಆರ್‌ಟಿ ಮಾತ್ರೆ, ಅಂದರೆ ಎಚ್‌ಐವಿಯನ್ನು ಹಿಡಿತದಲ್ಲಿಡುವ ಮಾತ್ರೆ, ತೆಗೆದುಕೊಳ್ಳುವವರು ವರ್ಷಕ್ಕೊಮ್ಮೆ ಕಿವಿಯನ್ನೂ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಎರಡು ಸಂಚಿಕೆಗಳ ಹಿಂದೆ ಇದೇ ಅಂಕಣದಲ್ಲಿ ಒಂದು ಸಾಲು ಬರೆದಿದ್ದೆ. ಆ ಒಂದು ಸಾಲಿಗೆ ಬಂದಷ್ಟು ಪತ್ರಗಳು ಮೊದಲ ಇಪ್ಪತ್ತು ಕಂತುಗಳಿಗೂ ಸೇರಿ ಬಂದಿರಲಿಲ್ಲ. ಬಹುಪಾಲು ಪತ್ರಗಳಲ್ಲಿ ಹೆಸರಿಲ್ಲ, ಕೆಲವದರಲ್ಲಿ ಊರೂ ಇಲ್ಲ. ಹೆಸರಿಲ್ಲದ ಪತ್ರಗಳನ್ನು ಸಂಪಾದಕರು ಬದಿಗಿಡುವುದು ವಾಡಿಕೆ. ಈ ಸಲ ಹಾಗೆ ಮಾಡಬೇಡಿ ಎಂದು ಕೇಳಿಕೊಂಡಿದ್ದೇನೆ.

ಹಲವರು ‘ಡಾಕ್ಟರ್ ಅಮ್ಮ’ ಎಂದು ಸಂಬೋಧಿಸಿದ್ದೀರಿ. ನಾನು ಡಾಕ್ಟರ್ ಅಲ್ಲ, ಕಿವಿಯ ಕೇಳುವ ಶಕ್ತಿ ಅಳೆಯುವ ಆಡಿಯಾಲಜಿಸ್ಟ್. ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿ, ಜಿಲ್ಲಾ ಆಸ್ಪತ್ರೆಯೊಂದರ ಕಿಟಕಿಯಿಲ್ಲದ ಕೋಣೆಯಲ್ಲಿ ಮೂವತ್ತೆರಡು ವರ್ಷ ಜನರ ಕಿವಿಗೆ ‘ಪೀಂ’ ಎನ್ನಿಸಿ ನಿವೃತ್ತಳಾದವಳು. ಔಷಧ ಬರೆದುಕೊಡುವ ಅಧಿಕಾರ ನನಗಿಲ್ಲ. ಯಾವ ಬಾಗಿಲು ತಟ್ಟಬೇಕು, ಅಲ್ಲಿ ಏನು ಕೇಳಬೇಕು ಎಂಬುದನ್ನು ಹೇಳಬಲ್ಲೆ.

ಪ್ರಶ್ನೆ: ನಾನು ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ವಯಸ್ಸು 45. ಯಜಮಾನರು ತೀರಿಕೊಂಡ ಮೇಲೆ, 2009ರಲ್ಲಿ, ನನಗೂ ಎಚ್‌ಐವಿ ಇರುವುದು ಗೊತ್ತಾಯಿತು. ಆ ವರ್ಷವೇ ಮಾತ್ರೆ ಶುರು ಮಾಡಿದರು. ಇದುವರೆಗೆ ತಪ್ಪಿಸಿಲ್ಲ. ಕ್ಷಯ ಎರಡು ಸಲ ಬಂತು. ಎರಡನೆಯ ಸಲ, 2014ರಲ್ಲಿ, ವಾರಕ್ಕೆ ಮೂರರಂತೆ ಎರಡು ತಿಂಗಳು ಸೊಂಟಕ್ಕೆ ಇಂಜೆಕ್ಷನ್ ಕೊಟ್ಟರು. ಒಟ್ಟು 24, ಎಣಿಸಿಟ್ಟಿದ್ದೇನೆ. ಆಮೇಲಿನಿಂದ ಕಿವಿಯಲ್ಲಿ ಜೀರುಂಡೆ ಕೂಗಿದ ಹಾಗೆ ಸದ್ದು. ಈಗೀಗ ಮಕ್ಕಳು ‘ಸಾಕು’ ಎಂದರೆ ನನಗೆ ‘ಹಾಕು’ ಎಂದು ಕೇಳಿಸುತ್ತದೆ. ಮೇಲೆ ಮೇಲೆ ಬಡಿಸುತ್ತೇನೆ, ಅನ್ನ ತಟ್ಟೆಯಲ್ಲಿ ಉಳಿಯುತ್ತದೆ. ದಂಡ ಮಾಡುತ್ತೀರಿ ಎಂದು ಹೆಡ್‌ಮಾಸ್ತರರು ಎರಡು ಸಲ ಗದರಿಸಿದರು. ಅವರು ಗದರಿಸಿದ್ದು ಮಾತ್ರ ಚೆನ್ನಾಗಿಯೇ ಕೇಳಿಸಿತು! ರಾತ್ರಿ ಕರೆಂಟು ಹೋದರೆ ಗೋಡೆ ಹಿಡಿಯದೆ ಬಚ್ಚಲಿಗೆ ಹೋಗಲಾರೆ, ಅದು ರಕ್ತ ಕಡಿಮೆಯಾಗಿ ಇರಬೇಕು. ಎಆರ್‌ಟಿ ಮಾತ್ರೆಯೇ ಕಿವಿಯನ್ನು ತಿನ್ನುತ್ತದೆ ಎಂದು ಕೇಂದ್ರಕ್ಕೆ ಬರುವ ಒಬ್ಬರು ಹೇಳಿದರು. ಹದಿನೈದು ದಿನ ಬಿಟ್ಟು ನೋಡಲೇ? ಶಾಲೆಯಲ್ಲಿ ಯಾರಿಗೂ ನನ್ನ ವಿಷಯ ಗೊತ್ತಿಲ್ಲ.

ಉತ್ತರ: ಬಿಡಬೇಡಿ ತಂಗಿ. ಹದಿನೈದು ದಿನವಲ್ಲ, ಒಂದು ರಾತ್ರಿಯೂ ಬೇಡ. ಮಾತ್ರೆ ನಿಲ್ಲಿಸಿದ ಕೆಲವೇ ವಾರಗಳಲ್ಲಿ ರಕ್ತದಲ್ಲಿ ವೈರಾಣು ಮತ್ತೆ ತಲೆಯೆತ್ತುತ್ತದೆ. ನಿಮಗೆ ಎರಡು ಸಲ ಬಂದು ಹೋದ ಕ್ಷಯ ಮೂರನೆಯ ಸಲ ಬರಲು ದಾರಿ ಅದೇ. ಕಿವಿ ಮಾತ್ರ ಹದಿನೈದು ದಿನದಲ್ಲಿ ಎಳ್ಳಷ್ಟೂ ಸುಧಾರಿಸುವುದಿಲ್ಲ.

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ನೀವು ಮಾತ್ರೆಯ ಮೇಲೆ ಅನುಮಾನ ಪಟ್ಟಿದ್ದೀರಿ. ನನ್ನ ಅನುಮಾನ ನೀವೇ ಎಣಿಸಿಟ್ಟ ಆ 24ರ ಮೇಲೆ. ಆ ಕಾಲದಲ್ಲಿ ಕ್ಷಯ ಮರುಕಳಿಸಿದವರಿಗೆ ಸರ್ಕಾರಿ ಚಿಕಿತ್ಸೆಯಲ್ಲಿ ಎರಡು ತಿಂಗಳು, ವಾರಕ್ಕೆ ಮೂರರಂತೆ ಕೊಡುತ್ತಿದ್ದದ್ದು ಸ್ಟ್ರೆಪ್ಟೋಮೈಸಿನ್. 1943ರಲ್ಲಿ ಅಮೆರಿಕದ ಒಂದು ಪ್ರಯೋಗಾಲಯದಲ್ಲಿ ಮಣ್ಣಿನ ಸೂಕ್ಷ್ಮಜೀವಿಯಿಂದ ತೆಗೆದ ಔಷಧ ಇದು, ಕ್ಷಯವನ್ನು ಮಣಿಸಿದ ಮೊದಲ ಆಂಟಿಬಯಾಟಿಕ್. ಬಳಕೆಗೆ ಬಂದ ಕೆಲವೇ ವರ್ಷಗಳಲ್ಲಿ ವೈದ್ಯರು ಒಂದು ಸಂಗತಿ ಗಮನಿಸಿದರು: ಕ್ಷಯ ವಾಸಿಯಾದವರಲ್ಲಿ ಕೆಲವರು ನಡೆಯುವಾಗ ಓಲಾಡುತ್ತಿದ್ದರು, ಕೆಲವರಿಗೆ ಕಿವಿ ಮಂದವಾಗಿತ್ತು. ಸ್ಟ್ರೆಪ್ಟೋಮೈಸಿನ್ ಹೆಚ್ಚಾಗಿ ಕೆಡಿಸುವುದು ಒಳಗಿವಿಯಲ್ಲಿ ದೇಹದ ಸಮತೋಲ ನೋಡಿಕೊಳ್ಳುವ ಭಾಗವನ್ನು. ಅದೇ ಕುಟುಂಬದ ಕನಾಮೈಸಿನ್, ಅಮಿಕಾಸಿನ್ ಹೆಚ್ಚಾಗಿ ಕೈಯಿಕ್ಕುವುದು ಕೇಳುವ ಭಾಗಕ್ಕೆ. ಆದರೆ ಎರಡು ಭಾಗಗಳೂ ಒಂದೇ ಗೋಡೆಯ ಆಚೆ ಈಚೆ ಇರುವ ಮನೆಗಳು. ಒಂದರಲ್ಲಿ ಬೆಂಕಿ ಬಿದ್ದರೆ ಇನ್ನೊಂದಕ್ಕೂ ಹೊಗೆ ತಪ್ಪಿದ್ದಲ್ಲ.

ನೀವು ಅಡ್ಡಮಾತಿನಂತೆ ಬರೆದ ಕತ್ತಲೆಯ ಸಾಲು ನನಗೆ ಇಡೀ ಪತ್ರಕ್ಕಿಂತ ಮುಖ್ಯವಾಗಿ ಕಂಡಿತು. ಬೀಳದೆ ನಿಲ್ಲಲು ನಮಗೆ ಮೂರು ಆಸರೆಗಳಿವೆ: ಕಣ್ಣು, ಅಂಗಾಲು, ಒಳಗಿವಿ. ಒಳಗಿವಿ ಕೈಕೊಟ್ಟವರು ಹಗಲು ಹೊತ್ತಿನಲ್ಲಿ ಕಣ್ಣಿನ ಬಲದಿಂದ ಸಲೀಸಾಗಿ ಓಡಾಡುತ್ತಾರೆ. ಕರೆಂಟು ಹೋದ ಕ್ಷಣ ಕಣ್ಣೂ ಹೋಯಿತು, ಗೋಡೆಯೇ ಗತಿ. ಇನ್ನೂ ಒಂದು ಪ್ರಶ್ನೆ: ಮಾತ್ರೆ ಶುರು ಮಾಡಿದ ಮೊದಲ ವರ್ಷಗಳಲ್ಲಿ ಅಂಗಾಲು ಉರಿಯುತ್ತಿತ್ತೇ, ಜೋಮು ಹಿಡಿಯುತ್ತಿತ್ತೇ? 2009ರ ಸುಮಾರಿಗೆ ಸ್ಟಾವುಡಿನ್ ಎಂಬ ಮಾತ್ರೆ ಬಳಕೆಯಲ್ಲಿತ್ತು. ಅದು ಹಲವರ ಕಾಲಿನ ನರಗಳಿಗೆ ಪೆಟ್ಟು ಕೊಟ್ಟಿತು. ಆ ಕಾರಣಕ್ಕೇ ಅದನ್ನು ಕೈಬಿಟ್ಟರು. ನಿಮಗೂ ಹಾಗಾಗಿದ್ದರೆ ಮೂರು ಆಸರೆಗಳಲ್ಲಿ ಎರಡು ಕುಂಟಾಗಿವೆ. ರಕ್ತಹೀನತೆ ಇದ್ದರೂ ಇರಬಹುದು, ಅದನ್ನೂ ನೋಡಿಸಿ. ಆದರೆ ಬರೀ ರಕ್ತಹೀನತೆಯಾಗಿದ್ದರೆ ಹಗಲಿನಲ್ಲೂ ತಲೆ ಸುತ್ತಬೇಕಿತ್ತು. ಬಚ್ಚಲ ದಾರಿಯಲ್ಲಿ ಕರೆಂಟು ಹೋದರೂ ಉರಿಯುವ ಚಾರ್ಜರ್ ದೀಪ ಒಂದನ್ನು ಇವತ್ತೇ ಇಡಿ. ಕಿವಿಯ ಪರೀಕ್ಷೆ ಅದರ ಆಮೇಲೆ.

ಇನ್ನು ‘ಸಾಕು’ ‘ಹಾಕು’ ಆದ ಕತೆ. ಒಳಗಿವಿ ಶಂಖದ ಹಾಗೆ ಸುರುಳಿ ಸುತ್ತಿಕೊಂಡಿದೆ. ಅದರೊಳಗೆ ಒಂದೊಂದು ಕಿವಿಗೆ ಸುಮಾರು 15,000 ಕೂದಲ ಕೋಶಗಳು. ಶಂಖದ ಬಾಗಿಲ ಬಳಿ ಇರುವವು ಕೀರಲು ಸದ್ದಿಗೆ, ಒಳ ತುದಿಯಲ್ಲಿರುವವು ದಪ್ಪ ಸದ್ದಿಗೆ. ಈ ಇಂಜೆಕ್ಷನ್‌ಗಳಿಗೆ ಮೊದಲು ಬಲಿಯಾಗುವುದು ಬಾಗಿಲ ಬಳಿಯವು. ಸತ್ತ ಕೋಶ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ನಮ್ಮ ಅಕ್ಷರಗಳಲ್ಲಿ ಅತಿ ಕೀರಲು ಎಂದರೆ ‘ಸ’. ‘ಆಕು’ ಎಂಬ ಭಾಗ ದಪ್ಪ ಸದ್ದು, ಅದು ನಿಮಗೆ ಕೇಳಿಸುತ್ತದೆ. ಮೊದಲಿನ ‘ಸ’ ಸವೆದು ಬರೀ ಉಸಿರಿನಂತೆ ಉಳಿಯುತ್ತದೆ. ಉಸಿರನ್ನು ಮಿದುಳು ‘ಹ’ ಎಂದು ಓದಿಕೊಳ್ಳುತ್ತದೆ. ಮಕ್ಕಳ ‘ಸ’ ದೊಡ್ಡವರದಕ್ಕಿಂತಲೂ ಕೀರಲು. ಹೆಡ್‌ಮಾಸ್ತರರದು ದಪ್ಪ ದನಿ, ಗದರಿದ್ದು ಕೇಳಿಸಿದ್ದರಲ್ಲಿ ಆಶ್ಚರ್ಯವಿಲ್ಲ. ನನ್ನ ಕೋಣೆಗೆ ಬಂದವರಲ್ಲಿ ಎಷ್ಟೋ ಜನ ಹೇಳುತ್ತಿದ್ದ ಮಾತು ಒಂದೇ: “ಕೇಳಿಸುತ್ತದೆ ಮೇಡಂ, ತಿಳಿಯುವುದಿಲ್ಲ.”

ಎಆರ್‌ಟಿ ಪೂರ್ತಿ ನಿರಪರಾಧಿಯೇ ಎಂದು ನೀವು ಕೇಳಬಹುದು. ಸ್ಟಾವುಡಿನ್, ಡಿಡನೊಸಿನ್‌ನಂತಹ ಹಳೆಯ ಮಾತ್ರೆಗಳ ಮೇಲೆ ಒಂದಷ್ಟು ಅನುಮಾನಗಳಿದ್ದವು, ಗಟ್ಟಿ ಪುರಾವೆ ಸಿಗಲಿಲ್ಲ. 2015ರಲ್ಲಿ ಅಮೆರಿಕದ ಸುಮಾರು ನಾನೂರು ಗಂಡಸರು, ಹೆಂಗಸರನ್ನು ಪರೀಕ್ಷಿಸಿದ ಅಧ್ಯಯನವೊಂದು ಪ್ರಕಟವಾಯಿತು. ವಯಸ್ಸು, ಗದ್ದಲದ ಕೆಲಸ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದ ಮೇಲೂ ಎಚ್‌ಐವಿ ಇರುವವರ ಕಿವಿ ಇಲ್ಲದವರಿಗಿಂತ ಸ್ವಲ್ಪ ಮಂದವೇ ಇತ್ತು. ಆದರೆ ಎಷ್ಟು ವರ್ಷ ಮಾತ್ರೆ ತಿಂದರು ಎಂಬುದಕ್ಕೂ ಆ ಮಂದಕ್ಕೂ ನಂಟು ಕಾಣಲಿಲ್ಲ. ಈಗ ನಿಮಗೆ ಕೊಡುತ್ತಿರುವುದು ಬಹುಶಃ ಟಿಎಲ್‌ಡಿ: ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಒಂದೇ ಗುಳಿಗೆಯಲ್ಲಿ. ಕಿವಿಯ ಹೆಸರಿನಲ್ಲಿ ಅದರ ಮೇಲೆ ಕೋಪ ಬೇಡ.

ಈಗ ಜಿಲ್ಲಾ ಆಸ್ಪತ್ರೆಯ ಕಿವಿ ವಿಭಾಗಕ್ಕೆ ಹೋಗಿ. ಮೊದಲು ವೈದ್ಯರು ಕಿವಿಯೊಳಗೆ ಇಣುಕಿ ನೋಡಲಿ. ಇಷ್ಟೆಲ್ಲ ಪತ್ತೇದಾರಿ ಮಾಡಿದ ಮೇಲೆ ಕೊನೆಗೆ ಗುಗ್ಗೆ ಸಿಕ್ಕರೆ ನನಗೂ ನಗು ಬರುತ್ತದೆ, ಹಾಗೆ ಆದದ್ದೂ ಇದೆ. ಕಿವಿತಮಟೆಯ ಹಿಂದೆ ನೀರು ತುಂಬಿಕೊಂಡಿದ್ದರೆ ಅದಕ್ಕೂ ಚಿಕಿತ್ಸೆ ಇದೆ. ಆಮೇಲೆ ಆಡಿಯೋಗ್ರಾಂ, ಯಾವ ಸದ್ದು ಎಷ್ಟು ಕೇಳಿಸುತ್ತದೆ ಎಂದು ಅಳೆಯುವ ಪರೀಕ್ಷೆ. ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಗುಣಾಕಾರ ಚಿಹ್ನೆ ಹಾಕಿದ ಒಂದು ನಕ್ಷೆ ಕೊಡುತ್ತಾರೆ. ಗೆರೆಗಳೆರಡೂ ಎಡದಿಂದ ಬಲಕ್ಕೆ ಬಾವಿಯ ಮೆಟ್ಟಿಲಿನಂತೆ ಇಳಿದಿದ್ದರೆ ನನ್ನ ಊಹೆ ಸರಿ. ಹಳೆಯ ಕ್ಷಯದ ಕಾರ್ಡು ಇನ್ನೂ ಇದ್ದರೆ ತೆಗೆದುಕೊಂಡು ಹೋಗಿ. ನೀವು 24 ಎಣಿಸಿಟ್ಟವರು, ಕಾರ್ಡನ್ನು ಎಸೆದಿರಲಾರಿರಿ.

ಕಿವಿಗೆ ಮೆಷಿನ್ ಹಾಕಿದರೆ ‘ಸ’ದ ಒಂದು ಪಾಲು ವಾಪಸ್ಸು ಬರುತ್ತದೆ, ಪೂರ್ತಿ ಬರುವುದಿಲ್ಲ. ಅಂಗವೈಕಲ್ಯ ಶೇಕಡ 40 ಎಂದು ಪ್ರಮಾಣಪತ್ರ ಸಿಕ್ಕರೆ, ಆದಾಯದ ಮಿತಿಯೊಳಗಿರುವವರಿಗೆ ಕೇಂದ್ರ ಸರ್ಕಾರದ ಎಡಿಐಪಿ ಯೋಜನೆಯಲ್ಲಿ ಮೆಷಿನ್ ಉಚಿತ. ಬಿಸಿಯೂಟದ ಸಂಬಳಕ್ಕೆ ಆ ಮಿತಿ ಅಡ್ಡ ಬರಲಾರದು.

ಒಂದು ಮಾತನ್ನು ನಿಮ್ಮ ಎಆರ್‌ಟಿ ಪುಸ್ತಕದ ಮೊದಲ ಪುಟದಲ್ಲೇ ವೈದ್ಯರಿಂದ ಬರೆಸಿಕೊಳ್ಳಿ: ಬೇರೆ ದಾರಿ ಇದ್ದಾಗ ಜೆಂಟಾಮೈಸಿನ್, ಅಮಿಕಾಸಿನ್, ಸ್ಟ್ರೆಪ್ಟೋಮೈಸಿನ್ ಕೊಡಬಾರದು ಎಂದು. ಜ್ವರಕ್ಕೆ, ಮೂತ್ರದ ಸೋಂಕಿಗೆ ಸಣ್ಣ ಕ್ಲಿನಿಕ್‌ಗಳಲ್ಲಿ ಕೂಡ ಈ ಇಂಜೆಕ್ಷನ್ ಚುಚ್ಚುವುದುಂಟು. ನಿಮ್ಮ ತಾಯಿಯ ಕಡೆಯಲ್ಲಿ ಇಂತಹ ಇಂಜೆಕ್ಷನ್ ಆದ ಮೇಲೆ ಕಿವುಡಾದವರು ಯಾರಾದರೂ ಇದ್ದಾರೆಯೇ ಎಂದೂ ವಿಚಾರಿಸಿ. ಕೆಲವು ಮನೆತನಗಳಲ್ಲಿ ತಾಯಿಯಿಂದ ಮಕ್ಕಳಿಗೆ ಬರುವ ಒಂದು ದೋಷವಿದೆ. ಅದಿದ್ದವರಿಗೆ ನಾಲ್ಕೈದು ಚುಚ್ಚುಮದ್ದೇ ಸಾಕು. ಹಾಗೇನಾದರೂ ಇದ್ದರೆ ನಿಮ್ಮ ಮಕ್ಕಳಿಗೂ ಈ ಎಚ್ಚರಿಕೆ ಬೇಕು.

ಇದನ್ನು ಓದಿ ಕ್ಷಯದ ಚಿಕಿತ್ಸೆಗೆ ಹೆದರುವವರಿಗೆ ಒಂದು ಮಾತು: ಕಾಲ ಬದಲಾಗಿದೆ. ಮರುಕಳಿಸಿದ ಕ್ಷಯಕ್ಕೆ ಸ್ಟ್ರೆಪ್ಟೋಮೈಸಿನ್ ಸೇರಿಸುವ ಆ ಹಳೆಯ ಕ್ರಮ ಈಗಿಲ್ಲ. ಔಷಧಕ್ಕೆ ಬಗ್ಗದ ಕ್ಷಯಕ್ಕೂ ಕನಾಮೈಸಿನ್ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2019ರ ಮಾರ್ಗಸೂಚಿಯಲ್ಲಿ ಹೇಳಿತು. ಈಗ ಬೆಡಾಕ್ವಿಲಿನ್‌ನಂತಹ ನುಂಗುವ ಮಾತ್ರೆಗಳಿವೆ.

ಶಾಲೆಯಲ್ಲಿ ಏನು ಹೇಳುವುದು? ‘ನನಗೆ ಕಿವಿ ಮಂದ’ ಎಂದರೆ ಸಾಕು, ಕಾರಣ ಯಾರ ಅಪ್ಪನ ಗಂಟೂ ಅಲ್ಲ. ಮಕ್ಕಳಿಗೆ ಒಂದು ಆಟ ಕಲಿಸಿ. ಮದುವೆ ಮನೆಯಲ್ಲಿ ಹೋಳಿಗೆ ಬೇಡವೆನ್ನಲು ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತೇವಲ್ಲ, ಹಾಗೆ ತಟ್ಟೆಗೆ ಕೈ ಅಡ್ಡ ಹಿಡಿದವರಿಗೆ ಮಾತ್ರ ಬಡಿಸುವುದನ್ನು ನಿಲ್ಲಿಸುತ್ತೇನೆ ಎಂದು ಹೇಳಿ. ಎರಡೇ ದಿನದಲ್ಲಿ ಕಲಿಯುತ್ತಾರೆ.

ಪ್ರಶ್ನೆ: ವಯಸ್ಸು 31, ಗ್ಯಾರೇಜ್ ಕೆಲಸ. ನಾಲ್ಕು ತಿಂಗಳ ಹಿಂದೆ ಎಚ್‌ಐವಿ ಪಾಸಿಟಿವ್ ಬಂತು. ಮಾತ್ರೆ ನಡೆಯುತ್ತಿದೆ. ಮೊನ್ನೆ ಬೆಳಿಗ್ಗೆ ಎದ್ದಾಗ ಎಡಗಿವಿ ಮುಚ್ಚಿಕೊಂಡ ಹಾಗಿತ್ತು, ಈಗ ಆ ಕಡೆ ಫೋನ್ ಹಿಡಿದರೆ ಏನೂ ಕೇಳುವುದಿಲ್ಲ. ಮೆಡಿಕಲ್ ಅಂಗಡಿಯಲ್ಲಿ ಡ್ರಾಪ್ಸ್ ಕೊಟ್ಟಿದ್ದಾರೆ. ಎಷ್ಟು ದಿನ ಹಾಕಬೇಕು?

ಉತ್ತರ: ನಿಮ್ಮ ಪತ್ರ ನನ್ನ ಕೈಗೆ ಬಂದದ್ದು ನೀವು ಬರೆದ ಹದಿನೆಂಟನೆಯ ದಿನ. ಫೋನ್ ನಂಬರ್ ಬರೆದಿದ್ದಿರಿ, ಪುಣ್ಯ. ಅಂದು ಸಂಜೆಯೇ ಮಾತಾಡಿದೆವು, ಬಲಗಿವಿಯಲ್ಲಿ. ನೀವು ಮರುದಿನವೇ ಹೋದಿರಿ. ಆದ್ದರಿಂದ ಈ ಉತ್ತರ ನಿಮಗಲ್ಲ, ಡ್ರಾಪ್ಸ್ ಹಿಡಿದುಕೊಂಡು ಕುಳಿತಿರುವ ಉಳಿದವರಿಗೆ.

ಮೂರು ದಿನದೊಳಗೆ ಒಂದು ಕಿವಿ ಇದ್ದಕ್ಕಿದ್ದಂತೆ ಹೋದರೆ ಅದು ತುರ್ತು. ಪತ್ರಿಕೆಗೆ ಬರೆಯಬೇಡಿ, ಬಸ್ ಹತ್ತಿ. ಗುಗ್ಗೆಯಲ್ಲ, ನೀರಲ್ಲ ಎಂದು ಖಚಿತವಾದರೆ ವೈದ್ಯರು ಸಾಮಾನ್ಯವಾಗಿ ಸ್ಟೆರಾಯ್ಡ್ ಕೊಡುತ್ತಾರೆ. ಮೊದಲ ಎರಡು ವಾರದಲ್ಲಿ ಕೊಟ್ಟರೆ ಕೇಳಿಸುವಿಕೆ ಮರಳುವ ಆಸೆ ಹೆಚ್ಚು, ಆಮೇಲೆ ದಿನ ದಿನಕ್ಕೂ ಕಡಿಮೆ. ಎಚ್‌ಐವಿ ಮಾತ್ರೆಗಳಲ್ಲಿ ರಿಟೊನಾವಿರ್ ಇರುವ ಜೋಡಿಗಳು ಸ್ಟೆರಾಯ್ಡನ್ನು ದೇಹದಲ್ಲಿ ಹೆಚ್ಚು ಹೊತ್ತು ನಿಲ್ಲಿಸಿಬಿಡುತ್ತವೆ. ಕಿವಿಯ ವೈದ್ಯರಿಗೆ ನಿಮ್ಮ ಮಾತ್ರೆಯ ಹೆಸರು ಗೊತ್ತಿರಬೇಕಾದ್ದು ಅದಕ್ಕಾಗಿ.

ಇನ್ನೊಂದು ಪರೀಕ್ಷೆಯನ್ನು ನಾಚಿಕೆ ಬಿಟ್ಟು ಕೇಳಿ ಪಡೆಯಬೇಕು: ಸಿಫಿಲಿಸ್ ಎಂಬ ಲೈಂಗಿಕ ರೋಗಕ್ಕೆ ಮಾಡುವ ವಿಡಿಆರ್‌ಎಲ್ ರಕ್ತಪರೀಕ್ಷೆ. ಸಿಫಿಲಿಸ್ ಯಾವ ಹಂತದಲ್ಲಾದರೂ ಕಿವಿಗೆ ಬರಬಹುದು, ಎಚ್‌ಐವಿ ಜೊತೆಗಿದ್ದರೆ ಇನ್ನೂ ಬೇಗ. ಪೆನ್ಸಿಲಿನ್ ಹತ್ತು ಹದಿನಾಲ್ಕು ದಿನ ರಕ್ತನಾಳದ ಮೂಲಕ ಕೊಟ್ಟರೆ ವಾಸಿಯಾಗುವ ರೋಗ ಅದು. ಒಳಗಿವಿಯ ಕಿವುಡಿಗೆ ಔಷಧವಿಲ್ಲ ಎಂದು ನಾವು ಹೇಳಿ ಕಳಿಸಿದವರಲ್ಲಿ ಎಷ್ಟು ಜನರಿಗೆ ಪೆನ್ಸಿಲಿನ್ ಸಾಕಾಗುತ್ತಿತ್ತೋ ಎಂದು ಈಗಲೂ ಕೆಲವು ರಾತ್ರಿ ಯೋಚಿಸುತ್ತೇನೆ. ಕಿವಿಯ ಜೊತೆ ಮುಖ ವಾರೆಯಾದರೆ, ಕಿವಿಯ ಸುತ್ತ ನೀರುಗುಳ್ಳೆ ಎದ್ದರೆ ಅದು ಸರ್ಪಸುತ್ತಿನ ವೈರಾಣು. ಜ್ವರ, ಬಿಡದ ತಲೆನೋವು, ಕತ್ತು ಬಿಗಿತ ಇದ್ದರೆ ಮಿದುಳುಪೊರೆಯ ಸೋಂಕು. ಎರಡಕ್ಕೂ ಆಸ್ಪತ್ರೆ, ಅದೇ ದಿನ.

ಪ್ರಶ್ನೆ: ನನಗೆ ಎಚ್‌ಐವಿ ಇದೆ. ಕಿವಿ ಸೋರುತ್ತದೆ. ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಹಾಕಬಹುದೇ?

ಉತ್ತರ: ಬೇಡ. ಬೆಳ್ಳುಳ್ಳಿ ಒಗ್ಗರಣೆಗೆ. ತಮಟೆಯಲ್ಲಿ ತೂತಿದ್ದರೆ ಎಣ್ಣೆ ಒಳಕ್ಕೇ ಇಳಿಯುತ್ತದೆ. ಸೋರುವ ಕಿವಿಗೆ ಸ್ನಾನದ ಹೊತ್ತು ವ್ಯಾಸಲೀನ್ ಹಚ್ಚಿದ ಹತ್ತಿ ಇಡಿ, ಈ ವಾರವೇ ಕಿವಿಯ ವೈದ್ಯರನ್ನು ನೋಡಿ.

ಪ್ರಶ್ನೆ: ಸಹಕಾರಿ ಸಂಘದ ಕೌಂಟರಿನಲ್ಲಿ ಗುಮಾಸ್ತ, 52 ವರ್ಷ. ಎಚ್‌ಐವಿ ಗೊತ್ತಾಗಿ ಹದಿನಾರು ವರ್ಷ, ವೈರಲ್ ಲೋಡ್ (ರಕ್ತದಲ್ಲಿರುವ ವೈರಾಣುವಿನ ಪ್ರಮಾಣ) ಸೊನ್ನೆಗೆ ಸಮ. ಎರಡು ಕಡೆ ಆಡಿಯೋಗ್ರಾಂ ಮಾಡಿಸಿದೆ, ಎರಡೂ ನಾರ್ಮಲ್. ಆದರೆ ಸಂತೆಯ ದಿನ ಕೌಂಟರಿನಲ್ಲಿ ನಾಲ್ಕು ಜನ ಸೇರಿದರೆ ಯಾರ ಮಾತೂ ತಿಳಿಯುವುದಿಲ್ಲ. ಮನೆಯವಳು ‘ನಿಮಗೆ ಗಮನವಿಲ್ಲ’ ಎನ್ನುತ್ತಾಳೆ. ಕಿವಿ ನಾಟಕ ಮಾಡುತ್ತಿದೆಯೇ, ನಾನೇ ಮಾಡುತ್ತಿದ್ದೇನೆಯೇ?

ಉತ್ತರ: ಇಬ್ಬರೂ ಅಲ್ಲ. ನಾಟಕ ಮಾಡಿದ್ದು ನಮ್ಮ ಪರೀಕ್ಷೆ. ಸದ್ದೇ ಇಲ್ಲದ ಕೋಣೆಯಲ್ಲಿ ಕೂರಿಸಿ, ಒಂದೇ ಒಂದು ‘ಪೀಂ’ ಕೇಳಿಸಿತೇ ಎಂದು ವಿಚಾರಿಸುತ್ತೇವೆ. ಸಂತೆಯ ದಿನದ ಕೌಂಟರಿಗೂ ಅದಕ್ಕೂ ಏನು ಸಂಬಂಧ?

ಕಿವಿ ತಲುಪಿಸಿದ್ದನ್ನು ಮಿದುಳು ಬಿಡಿಸಿ ಓದಬೇಕು. ಎಚ್‌ಐವಿ ಮಿದುಳಿನವರೆಗೂ ಹೋಗುವ ವೈರಾಣು. ಟಾಂಜಾನಿಯಾದ ದಾರ್ ಎಸ್ ಸಲಾಮ್‌ನಲ್ಲಿ ಎಚ್‌ಐವಿ ಇರುವವರಿಗೆ ಒಂದು ಜಾಣ ಪರೀಕ್ಷೆ ಮಾಡಿದರು. ‘ಶ್’ ಎಂಬ ಒಂದೇ ಸಮನೆಯ ಸದ್ದಿನ ನಡುವೆ ಕಣ್ಣೆವೆ ಬಡಿಯುವುದಕ್ಕಿಂತ ಸಣ್ಣದೊಂದು ಮೌನ ಇಟ್ಟು, ಗೊತ್ತಾಯಿತೇ ಎಂದು ಕೇಳುವುದು. ಸೋಂಕಿಲ್ಲದವರಿಗೆ ತಿಳಿದ ಸಣ್ಣ ಮೌನ ಸೋಂಕಿದ್ದ ಹಲವರಿಗೆ ತಿಳಿಯಲಿಲ್ಲ, ಅವರಿಗೆ ಇನ್ನೂ ಉದ್ದದ ಮೌನ ಬೇಕಾಯಿತು. ಮಾತು ಸರಿಯಾಗಿ ಅರ್ಥವಾಗುವುದಿಲ್ಲ ಎಂಬ ದೂರೂ ಅವರಲ್ಲೇ ಹೆಚ್ಚು. 2014ರಲ್ಲಿ ಅದರ ಫಲಿತಾಂಶ ಬಂದಾಗ ನಾನು ಇನ್ನೂ ಕೆಲಸದಲ್ಲಿದ್ದೆ. ‘ನಾರ್ಮಲ್’ ಎಂದು ಬರೆದು ಕಳಿಸಿದ ಕೆಲವು ಮುಖಗಳು ನೆನಪಾದವು.

ಮೌನದ ಅಳತೆ ಕನ್ನಡಕ್ಕಂತೂ ಬಹಳ ಮುಖ್ಯ. ‘ಕತೆ’ಗೂ ‘ಕತ್ತೆ’ಗೂ ಇರುವ ವ್ಯತ್ಯಾಸವೇನು? ನಾಲಗೆ ಹಲ್ಲಿನ ಹಿಂದೆ ಎಷ್ಟು ಹೊತ್ತು ಮುಚ್ಚಿಕೊಂಡಿತ್ತು ಎಂಬ ಮೌನ ಅಷ್ಟೇ. ಗದ್ದಲದಲ್ಲಿ ಆ ಮೌನ ತುಂಬಿಹೋದರೆ ಕತ್ತೆಯೂ ಕತೆಯಾಗುತ್ತದೆ.

ಮಾಡಬೇಕಾದದ್ದು: ಗದ್ದಲದ ನಡುವೆ ಮಾತು ಕೇಳಿಸಿ ಅಳೆಯುವ ಪರೀಕ್ಷೆ ಕೇಳಿ ಮಾಡಿಸಿ. ಮೈಸೂರಿನ ನಮ್ಮ ಸಂಸ್ಥೆಯಲ್ಲಿ ಇಂತಹವಕ್ಕೆ ಕನ್ನಡದ್ದೇ ಪದಪಟ್ಟಿಗಳಿವೆ, ಇಂಗ್ಲಿಷ್ ಪದ ಕೇಳಿಸಿ ಕನ್ನಡಿಗರ ಕಿವಿ ಅಳೆಯುವ ಕಡೆ ಹೋಗಬೇಡಿ. ಮರೆವು, ಲೆಕ್ಕ ತಪ್ಪುವುದು, ನಿದ್ದೆಗೇಡು ಇದ್ದರೆ ಎಆರ್‌ಟಿ ವೈದ್ಯರಿಗೆ ಹೇಳಿ. ಕೌಂಟರಿನಲ್ಲಿ ಬೆನ್ನು ಗೋಡೆಗಿರಲಿ, ಫ್ಯಾನು ದೂರವಿರಲಿ, ಗಿರಾಕಿಯ ಮುಖದ ಮೇಲೆ ಬೆಳಕು ಬೀಳಲಿ. ತುಟಿ ಕಂಡರೆ ಅರ್ಧ ಮಾತು ಕಣ್ಣಿಗೇ ಕೇಳಿಸುತ್ತದೆ. ಮನೆಯವರಿಗೆ ಈ ಪುಟ ತೋರಿಸಿ. ಅಡುಗೆಮನೆಯಿಂದ, ಬೆನ್ನು ತಿರುಗಿಸಿಕೊಂಡು, ಮಿಕ್ಸಿ ಹಾಕಿ ಮಾತಾಡಬೇಡಿ ಎಂದು ನಾನು ಹೇಳಿದೆ ಎನ್ನಿ. ಬೈಗುಳ ನನಗೆ ಬರಲಿ.

ಪ್ರಶ್ನೆ: ಕಿವಿಯ ಮೆಷಿನ್‌ಗೆ ಅಚ್ಚು ತೆಗೆಸಬೇಕು. ಅಲ್ಲಿ ಎಚ್‌ಐವಿ ಇದೆ ಎಂದು ಹೇಳಬೇಕೇ? ಹೇಳದೆ ಹೆಡ್‌ಫೋನ್ ಹಾಕಿಕೊಂಡರೆ ನನ್ನ ನಂತರ ಬಂದವರಿಗೆ ಹರಡಿ ಪಾಪ ಸುತ್ತಿಕೊಳ್ಳುತ್ತದೆಯೇ?

ಉತ್ತರ: ಹೆಡ್‌ಫೋನ್‌ನಿಂದ ಹರಡುವುದಿಲ್ಲ. ಅಚ್ಚಿನಿಂದಲೂ ಇಲ್ಲ, ಗುಗ್ಗೆಯಿಂದಲೂ ಇಲ್ಲ. ಉಪಕರಣಗಳನ್ನು ಒಬ್ಬೊಬ್ಬರ ನಂತರವೂ ಒರೆಸಿ ಶುಚಿ ಮಾಡುವುದು ನಮ್ಮ ಕೆಲಸ, ಬಂದವರು ಯಾರೇ ಆಗಿರಲಿ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ನ್ಯಾಯಾಲಯದ ಆದೇಶವಿಲ್ಲದೆ ನಿಮ್ಮ ಸ್ಥಿತಿಯನ್ನು ಹೇಳಲೇಬೇಕೆಂದು ಯಾರೂ ಬಲವಂತ ಮಾಡುವಂತಿಲ್ಲ. ಆ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವಂತೆಯೂ ಇಲ್ಲ. ಮೆಷಿನ್ ಮಾರುವವನಿಗೆ ಅದು ಬೇಕಾಗಿಯೇ ಇಲ್ಲ. ಕಾರಣ ಹುಡುಕುವ ಕಿವಿ ವೈದ್ಯರಿಗೆ ಹೇಳಿದರೆ ನಿಮಗೇ ಲಾಭ. ಬಾಯಿ ಬಾರದಿದ್ದರೆ ಮಾತ್ರೆಗಳ ಚೀಟಿ ಮುಂದಿಡಿ, ಓದಿಕೊಳ್ಳುತ್ತಾರೆ. ಸಂಕೋಚದ ಪ್ರಶ್ನೆಗಳಿಗೆ 1097 ಉಚಿತ ಸಹಾಯವಾಣಿ ಇದೆ.

ಪಾಪದ ಮಾತು ಎತ್ತಿದ್ದೀರಿ, ನನ್ನದನ್ನು ಹೇಳುತ್ತೇನೆ. 1996ರಲ್ಲಿ ಒಬ್ಬ ಲಾರಿ ಚಾಲಕ ಪರೀಕ್ಷೆಗೆ ಬಂದ. ಚೀಟಿಯ ಮೂಲೆಯಲ್ಲಿ ಯಾರೋ ಕೆಂಪು ಶಾಯಿಯಲ್ಲಿ ಗುರುತು ಹಾಕಿದ್ದರು, ಎಲ್ಲರಿಗೂ ಅರ್ಥವಾಗುವ ಗುರುತು. ಬೆಳಿಗ್ಗೆ ಮೊದಲು ಬಂದವನನ್ನು ಮಧ್ಯಾಹ್ನ ಎಲ್ಲರಿಗಿಂತ ಕೊನೆಗೆ ಕರೆದೆ. ಹೆಡ್‌ಫೋನ್‌ಗೆ ಎರಡು ಪ್ಲಾಸ್ಟಿಕ್ ಕವರ್ ಕಟ್ಟಿದೆ. ಓದಿದವಳು, ಗೊತ್ತಿದ್ದವಳು, ಆದರೂ ಕಟ್ಟಿದೆ. ಪರೀಕ್ಷೆ ಶುರುವಾಗಿ ಎರಡು ನಿಮಿಷಕ್ಕೆ ಆತ ಕೈಯೆತ್ತಿ, “ಮೇಡಂ, ಪ್ಲಾಸ್ಟಿಕ್ಕಿನ ಸದ್ದೇ ಜೋರಾಗಿದೆ, ನಿಮ್ಮದು ಕೇಳುತ್ತಿಲ್ಲ” ಎಂದ. ಕವರ್ ಬಿಚ್ಚಿ ಮತ್ತೆ ಮೊದಲಿನಿಂದ ಮಾಡಿದೆ. ಕ್ಷಮೆ ಕೇಳಲಿಲ್ಲ. ವರದಿ ತೆಗೆದುಕೊಂಡು ಹೋದವನು ಮುಂದಿನ ತಪಾಸಣೆಗೆ ಬರಲಿಲ್ಲ.

ನಿಮಗೆ ಯಾರಾದರೂ ಹೆಡ್‌ಫೋನ್‌ಗೆ ಕವರ್ ಕಟ್ಟಿದರೆ ಪರೀಕ್ಷೆ ತಪ್ಪು ಬರುತ್ತದೆ ಎಂದು ಹೇಳಿ. ಅದು ಪೂರ್ತಿ ನಿಜ.

ಪ್ರಶ್ನೆ: ತೀರ್ಥಹಳ್ಳಿ ಕಡೆಯವರು ನಾವು. ನಮ್ಮ ಯಜಮಾನರು ಎಆರ್‌ಟಿಯಲ್ಲಿ ಇದ್ದಾರೆ, ಹೋದ ವರ್ಷ ಎರಡು ಕಿವಿಗೂ ಮೆಷಿನ್ ಹಾಕಿಸಿದೆವು. ಮಳೆಗಾಲ ಬಂದರೆ ಕರಕರ ಎನ್ನುತ್ತದೆ. ಆರು ಸೆಲ್ಲಿನ ಪಟ್ಟಿ ತಂದರೆ ಎರಡು ಜೋಡಿ ಮುಗಿಯುವಷ್ಟರಲ್ಲಿ ಕೊನೆಯ ಜೋಡಿ ತಾನಾಗಿಯೇ ಸತ್ತಿರುತ್ತದೆ. ಪದೇ ಪದೇ ಬಿಚ್ಚುವುದು ಬೇಡವೆಂದು ಇವರು ಸ್ಟಿಕ್ಕರ್‌ಗಳನ್ನು ಮೊದಲೇ ಕಿತ್ತು ಡಬ್ಬಿಯಲ್ಲಿ ಹಾಕಿಡುತ್ತಾರೆ. ಎಚ್‌ಐವಿ ಇರುವವರ ಬೆವರಿನಿಂದ ಸೆಲ್ ಹಾಳಾಗುತ್ತದೆಯೇ?

ಉತ್ತರ: ಬೆವರು ಎಲ್ಲರದೂ ಒಂದೇ. ತಪ್ಪು ಸ್ಟಿಕ್ಕರಿನದು. ಆ ಸೆಲ್ಲುಗಳ ಬೆನ್ನಿನಲ್ಲಿ ಸಣ್ಣ ತೂತುಗಳಿವೆ, ಒಳಗಿನ ಸತು ಗಾಳಿ ಕುಡಿದು ವಿದ್ಯುತ್ ಕೊಡುತ್ತದೆ. ಸ್ಟಿಕ್ಕರ್ ಕಿತ್ತ ಕ್ಷಣದಿಂದ ಸೆಲ್ ಕೆಲಸ ಶುರು, ಮೆಷಿನ್‌ನಲ್ಲಿ ಇರಲಿ ಡಬ್ಬಿಯಲ್ಲಿ ಇರಲಿ. ಮತ್ತೆ ಅಂಟಿಸಿದರೂ ಪೂರ್ತಿ ನಿಲ್ಲುವುದಿಲ್ಲ. ಬೇಕಾದಾಗ ಬೇಕಾದ ಜೋಡಿಯದು ಮಾತ್ರ ಕೀಳಲಿ. ಕಿತ್ತ ಮೇಲೆ ಒಂದು ನಿಮಿಷ ಗಾಳಿಗೆ ಬಿಟ್ಟು ಆಮೇಲೆ ಹಾಕಲಿ. ಸ್ಟಿಕ್ಕರ್ ಕಿತ್ತಳೆ ಬಣ್ಣದ್ದಾದರೆ ಸೆಲ್ 13ನೆಯ ನಂಬರ್, ನೀಲಿಯಾದರೆ 675. ಅಂಗಡಿಯವನು ಒಂದರ ಬದಲು ಇನ್ನೊಂದು ಕೊಟ್ಟರೆ ಬಾಗಿಲು ಒತ್ತಿ ಮುಚ್ಚಬೇಡಿ, ಮುರಿಯುತ್ತದೆ.

ಕರಕರ ಎನ್ನುವುದು ನಿಮ್ಮ ಕಡೆಯ ಮಳೆ. ರಾತ್ರಿ ಮೆಷಿನ್ ಬಿಚ್ಚಿದ ಮೇಲೆ ಮೆತ್ತನೆಯ ಒಣ ಬಟ್ಟೆಯಲ್ಲಿ ಒರೆಸಿ, ಸೆಲ್ ತೆಗೆದು, ಸೆಲ್ಲಿನ ಬಾಗಿಲು ತೆರೆದಿಟ್ಟು, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಸೆಲ್ಲುಗಳು ಆ ಡಬ್ಬಿಯಲ್ಲಿ ಬೇಡ, ಅವುಗಳದ್ದು ಬೇರೆ ಜಾಗ. ಅಕ್ಕಿಯ ಡಬ್ಬದಲ್ಲಿ ಹೂಳಬೇಡಿ, ತೌಡಿನ ಪುಡಿ ಮೈಕಿನ ತೂತಿಗೆ ಸೇರುತ್ತದೆ. ಒಲೆಯ ಮೇಲಿನ ಅಟ್ಟಣಿಗೆಯಲ್ಲೂ ಬೇಡ. ಅಚ್ಚಿನಿಂದ ಮೆಷಿನ್‌ಗೆ ಹೋಗುವ ಪಾರದರ್ಶಕ ನಳಿಗೆಯಲ್ಲಿ ನೀರಿನ ಹನಿ ಕಂಡರೆ ಬಾಯಿಂದ ಊದಬೇಡಿ, ಅಚ್ಚಿನ ಸಮೇತ ನಳಿಗೆಯನ್ನು ಬಿಡಿಸಿ ಸಣ್ಣ ರಬ್ಬರ್ ಬುರುಡೆಯಿಂದ ಗಾಳಿ ಹೊಡೆಯಿರಿ. ನಳಿಗೆ ಹಳದಿಯಾಗಿ ಗಟ್ಟಿಯಾಗಿದ್ದರೆ ಬದಲಿಸುವ ಹೊತ್ತು ಬಂದಿದೆ. ಈ ಮಳೆಗಾಲಕ್ಕೆ ಮುಂಚೆಯೇ ಬದಲಿಸಿಕೊಳ್ಳಿ.